ಪದಚರ್ಚೆ: ಸಾಫ್ಟ್‌ಬಾಲ್‌ನಲ್ಲಿ ಚೆಂಡು 'ತಿರುಗುವುದು' ಅಂದರೆ ಯಾವುದು?

ಗೆಳೆಯರೆ,

ದಾವಣಗೆರೆಯ ಹೈಸ್ಕೂಲು ಹುಡುಗಿಯರ ಸಾಫ್ಟ್‌ಬಾಲ್ ತಂಡಕ್ಕಾಗಿ, ಅದರಲ್ಲೂ ಬ್ಯಾಟು ಬೀಸುವವಳ ಹಿಂದೆ ಕೂತು ಎಸೆತ ಹಿಡಿಯುವ ಕ್ಯಾಚರ್‌ಗಳಿಗಾಗಿ, ನಾಲ್ಕು ಪುಟದ ಕನ್ನಡ ಕೈಪಿಡಿ ಬರೆಯುತ್ತಿದ್ದೇನೆ. 'ತಿರುಗು' ಎಂಬಲ್ಲಿ ಗಾಡಿ ನಿಂತಿದೆ.

"ಬಾಲ್ ತಿರುಗ್ತೈತಿ" ಅಂದರೆ ಇಲ್ಲಿನ ಮಕ್ಕಳಲ್ಲಿ ಎರಡರ್ಥ. ಚೆಂಡು ತನ್ನಷ್ಟಕ್ಕೆ ಸುತ್ತುವುದು ಒಂದು, ಅದರ ದಾರಿ ಹೊರಳುವುದು ಇನ್ನೊಂದು. ಮೊದಲನೆಯದು ಕಾರಣ, ಎರಡನೆಯದು ಪರಿಣಾಮ. ಕ್ಯಾಚರ್ ಮೊದಲನೆಯದನ್ನು ಕಂಡು ಎರಡನೆಯದನ್ನು ಊಹಿಸಬೇಕು. ಎರಡಕ್ಕೂ ಒಂದೇ ಪದವಾದರೆ ಹೇಳಿಕೊಡುವುದು ಹೇಗೆ?

'ಸ್ಪಿನ್' ಎಂದು ಬರೆದು ಮುಂದೆ ಹೋಗಬಹುದಿತ್ತು. ಆದರೆ ಕ್ರಿಕೆಟ್ಟಿನಿಂದಾಗಿ ಆ ಪದಕ್ಕೆ ನಿಧಾನ ಎಂಬ ಅರ್ಥವೂ, ಪುಟಿದ ಮೇಲೆ ಸಿಗುವ ತಿರುವು ಎಂಬ ಅರ್ಥವೂ ಅಂಟಿವೆ. ಪತ್ರಿಕೆಗಳಲ್ಲಿ ವೇಗಿ ಬೇರೆ, ಸ್ಪಿನ್ನರ್ ಬೇರೆ. ವೇಗಿ ವಿನಯ್ ಕುಮಾರ್ ಹುಟ್ಟಿದ ಊರಲ್ಲಂತೂ ಈ ಭೇದ ಚಿಕ್ಕ ಮಕ್ಕಳಿಗೂ ಗೊತ್ತು. ಸಾಫ್ಟ್‌ಬಾಲ್‌ನಲ್ಲಿ ಹಾಗಲ್ಲ. ವೇಗ, ಸುತ್ತು ಎರಡೂ ಒಂದೇ ಎಸೆತದಲ್ಲಿರುತ್ತವೆ, ಹೊರಳುವುದೆಲ್ಲ ಗಾಳಿಯಲ್ಲೇ ಮುಗಿಯುತ್ತದೆ. ಸಮಯವೂ ಕಡಿಮೆ. ಅಮೆರಿಕದ ಮಕ್ಕಳ ಆಟದಲ್ಲಿ 12 ವರ್ಷದೊಳಗಿನವರಿಗೆ ಎಸೆತದ ದೂರ 40 ಅಡಿ, ದೊಡ್ಡವರಾದಾಗ 43 ಅಡಿ. ಗಂಟೆಗೆ 80 ಕಿ.ಮೀ. ವೇಗದ ಚೆಂಡು ಅರ್ಧ ಸೆಕೆಂಡಿನ ಆಸುಪಾಸಿನಲ್ಲಿ ಗ್ಲೌಸಿಗೆ ಬಂದಿರುತ್ತದೆ. 'ಸ್ಪಿನ್' ಎಂದು ಕೇಳಿ ನಿಧಾನದ ಚೆಂಡಿಗೆ ಕಾದವಳ ಗತಿ ಏನು?

ಬುಗುರಿಗೆ ನಾವು ಹೇಳುವ 'ಗಿರಕಿ' ನನಗೆ ಹಿಡಿಸಿದೆ. ಮುಂಗಾರು, ಹಿಂಗಾರು ಇರುವ ಭಾಷೆಯಲ್ಲಿ ಮುಂಗಿರಕಿ, ಹಿಂಗಿರಕಿ ಇರಬಾರದೇಕೆ? ಚೆಂಡಿನ ಮೇಲ್ಭಾಗ ಕ್ಯಾಚರ್ ಕಡೆಗೆ ಉರುಳುತ್ತಿದ್ದರೆ ಮುಂಗಿರಕಿ. ಇಂಥ ಚೆಂಡು ಮಾಮೂಲಿಗಿಂತ ಬೇಗ ಕೆಳಗಿಳಿಯುತ್ತದೆ, ನೆಲಕ್ಕೆ ತಾಗಿದರೆ ಮುಂದಕ್ಕೆ ತಗ್ಗಾಗಿ ನುಗ್ಗುತ್ತದೆ. ಆಗ 'ಹಿಡಿ' ಅನ್ನುವುದೇ ತಪ್ಪು ಸಲಹೆ. ಮಂಡಿಯೂರಿ, ಗ್ಲೌಸನ್ನು ಕಾಲುಗಳ ನಡುವೆ ನೆಲಕ್ಕಿಟ್ಟು, ಗದ್ದವನ್ನು ಎದೆಗೆ ಒತ್ತಿ ಮೈಯಿಂದ 'ತಡೆ' ಅನ್ನಬೇಕು. ಕೈಪಿಡಿಯಲ್ಲಿ ಈ ಎರಡು ಕ್ರಿಯಾಪದ ಬೇರೆಬೇರೆಯಾಗಿಯೇ ಇರಲಿ ಎಂಬುದು ನನ್ನ ಹಟ.

ಹಿಂಗಿರಕಿಯದೇ ತಕರಾರು. ಮೇಲ್ಭಾಗ ಎಸೆದವಳ ಕಡೆಗೆ ಉರುಳುವಂತೆ ಎಸೆಯುವ 'ರೈಸ್ ಬಾಲ್' ಅನ್ನು 'ಏರುಚೆಂಡು' ಎನ್ನಲು ಮನಸ್ಸಾಗುತ್ತದೆ, ಆದರೆ ಅದು ಸಾಮಾನ್ಯವಾಗಿ ಏರುವುದೇ ಇಲ್ಲ. ಹಿಂದಕ್ಕೆ ಸುತ್ತುವ ಚೆಂಡನ್ನು ಗಾಳಿ ಮೇಲಕ್ಕೆ ಒತ್ತುವುದರಿಂದ ಅದು ಬೀಳಬೇಕಾದಷ್ಟು ಬೀಳುವುದಿಲ್ಲ, ಅಷ್ಟೇ. ಬೀಳುತ್ತದೆಂದು ಎಣಿಸಿದ ಕಣ್ಣಿಗೆ ಏರಿದಂತೆ ಕಾಣುತ್ತದೆ. ಹುಡುಗಿ ಗ್ಲೌಸನ್ನು ಕೆಳಗೆ ಹಿಡಿದಿರುತ್ತಾಳೆ, ಚೆಂಡು ಅದರ ಮೇಲಿಂದ ಹಾರಿ ಹಿಂದಿನ ಬಲೆ ಸೇರುತ್ತದೆ. 'ಬೀಳದ ಚೆಂಡು' ಎಂದರೆ ವಿಜ್ಞಾನಕ್ಕೆ ಹತ್ತಿರ, ಆದರೆ ಆಟದ ನಡುವೆ ಕೂಗಲು ಉದ್ದವಾಯಿತು. 'ತೇಲುಚೆಂಡು' ಆಗಬಹುದೇ? ತೇಲುವುದರಲ್ಲಿ ಮತ್ತೆ ನಿಧಾನದ ಛಾಯೆ ಬಂತಲ್ಲ ಎಂಬ ಅಳುಕು.

ವೇಗದ ಎಸೆತದಂತೆ ತೋರಿಸಿ ನಿಧಾನವಾಗಿ ಬಿಡುವ ಚೇಂಜ್‌ಅಪ್‌ಗೆ ಪದ ಹುಡುಕುವ ಗೋಜಿಗೆ ಹೋಗಿಲ್ಲ. ಮಕ್ಕಳು 'ಸ್ಲೋ' ಅಂತಾರೆ, ಸಾಕು.

ದಾರಿ ಬದಲಿಸುವುದಕ್ಕೆ 'ಹೊರಳು' ಎಂದೇ ಇಟ್ಟುಕೊಂಡಿದ್ದೇನೆ. ಚಿತ್ರದುರ್ಗದ ಕಡೆಯವರು 'ಹೊರಳು' ಅಂದರೆ ನೆಲದ ಮೇಲೆ ಉರುಳಾಡುವುದನ್ನೇ ಮೊದಲು ನೆನೆಯುತ್ತಾರೆಯೇ? ಹಾಗಿದ್ದರೆ 'ವಾಲು' ಹೇಗೆ? ಸಾಫ್ಟ್‌ಬಾಲ್ ಆಡಿದವರು ಈ ಬಳಗದಲ್ಲಿದ್ದರೆ, ಮೈದಾನದಲ್ಲಿ ಚೆಂಡೆಸೆಯುವ ಪಿಚರ್‌ಗೂ ಕ್ಯಾಚರ್‌ಗೂ ಏನೆಂದು ಕೂಗುತ್ತಿದ್ದಿರಿ ಎಂಬುದನ್ನು ಇದ್ದ ಹಾಗೇ ಬರೆಯಿರಿ. ಗ್ರಾಂಥಿಕಕ್ಕೆ ತಿದ್ದುವುದು ಬೇಡ.