ಏಳನೇ ನಂಬರಿನ ಗೌಡ್ರು

ತುಮಕೂರಿನ ಅಮಾನಿಕೆರೆಯ ಪಕ್ಕದ ಕಲ್ಲುಬೆಂಚಿನಲ್ಲಿ ನಾವು ನಾಲ್ಕು ಜನ ಬೆಳಗ್ಗೆ ಆರೂವರೆಗೆ ಸೇರುತ್ತೇವೆ. ಮನೆಯಲ್ಲಿ ವಾಕಿಂಗ್ ಅಂತ ಹೇಳಿರುತ್ತೇವೆ. ನಡೆಯುವುದು ಇಪ್ಪತ್ತು ನಿಮಿಷ, ಕೂರುವುದು ಒಂದೂವರೆ ಗಂಟೆ. ಮೇಷ್ಟ್ರು ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡಿ ರಿಟೈರ್ ಆದವರು. ಸಾಬ್ರು ಮೂವತ್ತು ವರ್ಷ ಬಸ್ಸು ಓಡಿಸಿದವರು. ಗೌಡ್ರಿಗೆ ಮಂಡಿಪೇಟೆಯಲ್ಲಿ ಹುಣಸೆಹಣ್ಣಿನ ಮಂಡಿ, ಈಗ ಅಳಿಯ ನೋಡಿಕೊಳ್ಳುತ್ತಾನೆ. ನಾನು ಬ್ಯಾಂಕಿನಲ್ಲಿ ಕ್ಯಾಷಿಯರ್ ಆಗಿದ್ದೆ. ಹಾಗಾಗಿ ತಟ್ಟೆ ಇಡ್ಲಿ ದುಡ್ಡು ಯಾವಾಗಲೂ ನನ್ನ ಜೇಬಿನಿಂದಲೇ ಹೋಗುತ್ತೆ. ‘ನಿಮಗೆ ಎಣಿಸಿ ಕೊಟ್ಟು ಅಭ್ಯಾಸ ಅಲ್ವಾ’ ಅಂತ.

ಹೋದ ತಿಂಗಳು ಒಂದು ಭಾನುವಾರ ಗೌಡ್ರು ಹವಾಯಿ ಚಪ್ಪಲಿಯಲ್ಲಿ ಬಂದರು. ಎರಡೂ ಹೆಬ್ಬೆರಳಿಗೆ ಬ್ಯಾಂಡೇಜು. ಏನಾಯ್ತು ಅಂತ ಯಾರೂ ಕೇಳಲಿಲ್ಲ. ಹಿಂದಿನ ದಿನ ಆದದ್ದನ್ನೆಲ್ಲ ನಾವು ಕಣ್ಣಾರೆ ಕಂಡಿದ್ದೆವು.

ಶನಿವಾರ ದೇವರಾಯನದುರ್ಗಕ್ಕೆ ಹೋಗಿದ್ದೆವು. ಗೌಡ್ರ ಮಗ ಅಮೆರಿಕದಲ್ಲಿದ್ದಾನೆ. ಏಳೆಂಟು ವರ್ಷದ ಹಿಂದೆ ಬಂದಾಗ ಅಪ್ಪನಿಗೆ ಒಂದು ಜೊತೆ ಬೂಟು ತಂದಿದ್ದ. ಸಾಧಾರಣ ಬೂಟಲ್ಲ, ಅಲ್ಲಿಯವರು ಜಿಂಕೆ ಬೇಟೆಗೆ ಹಾಕುವಂಥದ್ದು. ಅವನೇನು ಬೇಟೆಗಾರನಲ್ಲ, ರಿಯಾಯ್ತಿಯಲ್ಲಿ ಸಿಕ್ಕಿತು ಅಂತ ತಂದ. ಗೌಡ್ರು ಅದನ್ನು ‘ಒಳ್ಳೇ ದಿನಕ್ಕೆ ಇರಲಿ’ ಅಂತ ಡಬ್ಬದ ಸಮೇತ ಅಟ್ಟಕ್ಕೆ ಹಾಕಿದ್ದರು. ಆ ಒಳ್ಳೇ ದಿನ ಶನಿವಾರ ಬಂತು.

ನಮ್ಮ ದೇಶದಲ್ಲಿ 1972ರಲ್ಲೇ ವನ್ಯಜೀವಿ ಕಾಯ್ದೆ ಬಂತು, ಆಮೇಲೆ ಶಿಕಾರಿಗೆ ಪೂರ್ತಿ ಬಾಗಿಲು ಬಿತ್ತು. ಈಗ ಮೊಲ ಹೊಡೆದರೂ ಜೈಲೇ. ಇಂಥ ಕಾಲದಲ್ಲಿ ಗೌಡ್ರು ಮೊಣಕಾಲಿನ ಅರ್ಧಕ್ಕೆ ಬರುವ ಶಿಕಾರಿ ಬೂಟು ಹಾಕಿ, ಮೇಲೆ ಪಂಚೆ ಎತ್ತಿ ಕಟ್ಟಿ, ಬೆಟ್ಟದ ಬುಡದ ನಾಮದ ಚಿಲುಮೆಯಲ್ಲಿ ಕಾರಿಂದ ಇಳಿದರು. ಅಲ್ಲಿದ್ದ ಫಾರೆಸ್ಟ್ ಗಾರ್ಡ್ ಮೊದಲು ಬೂಟು ನೋಡಿದ. ಆಮೇಲೆ ಗೌಡ್ರ ಮುಖ ನೋಡಿದ. ಆಮೇಲೆ ಸುಮ್ನೆ ಆ ಕಡೆ ತಿರುಗಿಕೊಂಡ.

ಬೆಟ್ಟದ ಮೇಲೆ ಯೋಗಾನರಸಿಂಹನ ಗುಡಿಯ ಮೆಟ್ಟಿಲಲ್ಲಿ ಬಲಗಾಲಿನ ಹಿಮ್ಮಡಿ ಹತ್ತಿರ ಒಂದು ಕರಿ ತುಣುಕು ಉದುರಿತು. ಹಿಂದೆ ಬರುತ್ತಿದ್ದ ಸಾಬ್ರು ‘ಗೌಡ್ರೇ, ಹುಣಸೆಹಣ್ಣು ಬೀಳ್ತಾ ಇದೆ’ ಅಂದರು. ಇನ್ನೂ ಹತ್ತು ಮೆಟ್ಟಿಲಾಗುವಷ್ಟರಲ್ಲಿ ಅಟ್ಟೆ ಬಾಯಿ ಬಿಟ್ಟಿತು. ಹೆಜ್ಜೆಗೊಂದು ಪಟಾರ್. ಬಗ್ಗಿ ಮುಟ್ಟಿದೆ. ಹಳೇ ರಸ್ಕಿನ ಹಾಗೆ ಬೆರಳಲ್ಲೇ ಪುಡಿಯಾಯಿತು. ಮೇಲಿನ ಚರ್ಮ ಮಾತ್ರ ಮದುವೆ ಗಂಡಿನ ಹಾಗೆ ಫಳಫಳ ಹೊಳೆಯುತ್ತಿತ್ತು. ಕೊನೆಗೆ ಅಟ್ಟೆ ಪೂರ್ತಿ ಕಳಚಿ ಮೆಟ್ಟಿಲ ಮೇಲೆ ಉಳಿಯಿತು, ಗೌಡ್ರು ಮುಂದೆ ಹೋದರು. ಒಂದು ಕೋತಿ ಬಂದು ಅದನ್ನು ಎತ್ತಿಕೊಂಡಿತು, ಮೂಸಿತು. ಗಾರ್ಡ್ ನೋಡಿದ ಹಾಗೇ ಗೌಡ್ರ ಮುಖ ನೋಡಿತು. ಎಸೆದು ಹೋಯಿತು.

ಸಾಬ್ರ ಟವಲಿನಲ್ಲಿ ಬಲಗಾಲನ್ನು ಸುತ್ತಿ ಕಟ್ಟಿ ಇಳಿಸಿದೆವು. ಇಳಿಯುವಾಗ ಇನ್ನೊಂದು ತಾಪತ್ರಯ. ಬೂಟು ಇಕ್ಕಟ್ಟು. ಪ್ರತಿ ಮೆಟ್ಟಿಲಿಗೂ ಹೆಬ್ಬೆರಳು ಮುಂದಕ್ಕೆ ಜಾರಿ ಮೂತಿಗೆ ಗುದ್ದುತ್ತಿತ್ತು. ಕೆಳಗೆ ಬರುವಷ್ಟರಲ್ಲಿ ಎರಡೂ ಉಗುರು ನೇರಳೆಹಣ್ಣು.

ಬೆಂಚಿನ ಮೇಲೆ ಗೌಡ್ರ ವಾದ ಶುರುವಾಯಿತು. ‘ಅಮೆರಿಕದೋರು ಮೋಸ ಮಾಡಿದ್ರು ಕಣ್ರೀ. ಒಂದು ಸಲಾನೂ ಹಾಕಿಲ್ಲ!’

‘ಹಾಕದೇ ಇದ್ದಿದ್ದೇ ತಪ್ಪು’ ಅಂದರು ಮೇಷ್ಟ್ರು. ‘ಅಟ್ಟೆ ಒಳಗೆ ಸ್ಪಂಜಿನಂಥದ್ದು ಇರುತ್ತಲ್ಲ, ಪಾಲಿಯುರೆಥೇನ್. ಗಾಳಿಯಲ್ಲಿರೋ ತೇವಾನೇ ಅದನ್ನ ನಿಧಾನಕ್ಕೆ ತಿನ್ನುತ್ತೆ. ಮುಚ್ಚಿದ ಡಬ್ಬದಲ್ಲಿ, ಬಿಸಿ ಅಟ್ಟದಲ್ಲಿ ಇನ್ನೂ ಜೋರು. ಬಳಸದೇ ಇಟ್ಟ ಬೂಟಿಗೂ ವಯಸ್ಸಾಗುತ್ತೆ ಗೌಡ್ರೇ.’

ಬಸ್‌ಸ್ಟ್ಯಾಂಡ್ ಹತ್ತಿರ ಚಪ್ಪಲಿ ಹೊಲಿಯುವವರೂ ಅದನ್ನೇ ಹೇಳಿದ್ದರಂತೆ. ‘ಅಂಟಿಸೋಕೆ ಏನಾದ್ರೂ ಉಳಿದಿರಬೇಕಲ್ಲ ಸಾಮಿ. ಇದು ಮಣ್ಣಾಗಿದೆ.’

‘ಆದ್ರೂ ಹಗುರ ಇತ್ತು. ಡಬ್ಬದ ಮೇಲೆ 800 ಗ್ರಾಂ ಅಂತ ಬರೆದಿದೆ’ ಅಂದರು ಗೌಡ್ರು.

ಇದನ್ನು ನಾನು ಮೊಮ್ಮಗನ ಕೈಲಿ ಹುಡುಕಿಸಿದ್ದೆ. ಆ 800 ಗ್ರಾಂ ಬೂಟಿನ ತೂಕವೇ ಅಲ್ಲ. ಒಳಗೆ ಹಾಕಿರುವ ಬೆಚ್ಚನೆ ಪದರ ಒಂದು ಚದರ ಮೀಟರಿಗೆ ಎಷ್ಟು ತೂಗುತ್ತೆ ಅನ್ನುವ ಲೆಕ್ಕ. ಅಲ್ಲಿಯವರು ಹಿಮದ ಕಾಲದಲ್ಲಿ ಮರದ ಮೇಲೆ ಅಟ್ಟಣೆ ಕಟ್ಟಿ ಗಂಟೆಗಟ್ಟಲೆ ಅಲ್ಲಾಡದೆ ಕೂರುತ್ತಾರೆ. ಕಾಲು ಮರಗಟ್ಟದೇ ಇರಲಿ ಅಂತ ಆ ಕಂಬಳಿ. ನಡೆದು ಬೇಟೆ ಆಡುವವರು ಅಲ್ಲೂ ಇದನ್ನು ಹಾಕುವುದಿಲ್ಲ, ಕಾಲು ಬೆವರುತ್ತೆ ಅಂತ. ನಮ್ಮ ಗೌಡ್ರು ತುಮಕೂರಿನ ಬಿಸಿಲಲ್ಲಿ ಕಾಲಿಗೆ ರಜಾಯಿ ಹೊದಿಸಿಕೊಂಡು ಬೆಟ್ಟ ಹತ್ತಿದ್ದರು.

‘ಅದಕ್ಕೇ ಸಾಕ್ಸ್ ಹಿಂಡಿದಾಗ ನೀರು ಬಂತು’ ಅಂದರು ಸಾಬ್ರು. ಕಾಲಿನ ಮೇಲಿನ ಭಾರದ ಬಗ್ಗೆ ಅವರ ಮಾತು ನನಗೆ ಹಿಡಿಸಿತು. ಬೆನ್ನ ಮೇಲೆ ಒಂದು ಕೇಜಿ ಹೊತ್ತರೆ ಗೊತ್ತೇ ಆಗಲ್ಲ. ಅದನ್ನೇ ಕಾಲಿಗೆ ಕಟ್ಟಿ ನೋಡಿ, ಪ್ರತಿ ಹೆಜ್ಜೆಗೂ ಎತ್ತಬೇಕು, ಇಳಿಸಬೇಕು. ಇಪ್ಪತ್ತರ ವಯಸ್ಸಲ್ಲಿ ಅದು ಗತ್ತು, ಅರವತ್ತೇಳಕ್ಕೆ ಕೂಲಿ.

ಆಮೇಲೆ ಅಸಲು ವಿಷಯಕ್ಕೆ ಬಂದೆವು. ಬೂಟು ಯಾಕೆ ಇಕ್ಕಟ್ಟಾಯಿತು?

‘ಹೆಂಗೆ ಇಕ್ಕಟ್ಟಾಗುತ್ತೆ? ಮಗನಿಗೆ ನಾನೇ ಹೇಳಿದ್ದು. ನನ್ನ ಕಾಲು ಏಳು. 1974ರಲ್ಲಿ ಎಸ್ಸೆಸ್ಸೆಲ್ಸಿ ಪಾಸಾದಾಗ ನಮ್ಮಪ್ಪ ಶೂ ಕೊಡಿಸಿದ್ರು. ಅವತ್ತಿಂದ ಏಳೇ.’

ಗೌಡ್ರು ಏಳು ಅನ್ನುವುದನ್ನು ಗೋತ್ರ ಹೇಳಿದ ಹಾಗೆ ಹೇಳುತ್ತಾರೆ. ಮೇಷ್ಟ್ರು ಕನ್ನಡಕ ಸರಿ ಮಾಡಿಕೊಂಡರು. ಅಂದರೆ ಪಾಠ ಉಂಟು ಅಂತ ಅರ್ಥ. ವಯಸ್ಸಾದಂತೆ ಪಾದದ ಮೂಳೆಗಳನ್ನು ಹಿಡಿದಿಟ್ಟ ನಾರು ಸಡಿಲ ಆಗುತ್ತೆ, ಅಂಗಾಲಿನ ಕಮಾನು ಕುಸಿಯುತ್ತೆ, ಪಾದ ಉದ್ದಕ್ಕೂ ಅಗಲಕ್ಕೂ ಹರಡುತ್ತೆ. ಹಿಮ್ಮಡಿ ಕೆಳಗಿನ ಕೊಬ್ಬಿನ ದಿಂಬು ತೆಳ್ಳಗಾಗುತ್ತೆ.

‘ಹೊಟ್ಟೆಯಲ್ಲಿರೋ ಕೊಬ್ಬು ಹೋಗಲ್ಲ, ಹಿಮ್ಮಡೀಲಿರೋದು ಹೋಗುತ್ತೆ. ಇದ್ಯಾವ ನ್ಯಾಯ?’ ಅಂದರು ಸಾಬ್ರು.

‘ಇನ್ನು ಈ ನಂಬರೇ ಇಂಗ್ಲಿಷರದ್ದು. ಒಂದು ನಂಬರಿಗೂ ಮುಂದಿನ ನಂಬರಿಗೂ ನಡುವೆ ಒಂದು ಬಾರ್ಲಿ ಕಾಳಿನ ಉದ್ದ. ಅಂಗುಲದ ಮೂರನೇ ಒಂದು ಭಾಗ.’

‘ನಮ್ಮ ಕಡೆಯವರು ರಾಗಿ ಕಾಳಲ್ಲಿ ಅಳೆದಿದ್ರೆ ಗೌಡ್ರು ಇನ್ನೂರನೇ ನಂಬರ್ ಆಗೋರು’ ಅಂದೆ ನಾನು. ನಗು ಬಂತು, ಗೌಡ್ರಿಗೆ ಬಿಟ್ಟು. ಚೆನ್ನೈನ ಕೇಂದ್ರ ಚರ್ಮ ಸಂಶೋಧನಾ ಸಂಸ್ಥೆಯವರು ಒಂದು ಲಕ್ಷಕ್ಕೂ ಹೆಚ್ಚು ಭಾರತೀಯರ ಪಾದ ಅಳೆದಿದ್ದಾರೆ, ನಮ್ಮ ಪಾದ ಆ ಕಡೆಯವರಿಗಿಂತ ಅಗಲ ಅಂತ ಗೊತ್ತಾಗಿ ನಮ್ಮದೇ ಅಳತೆ ತರಲು ಹೊರಟಿದ್ದಾರೆ, ಅದಕ್ಕೆ ‘ಭಾ’ ಅಂತ ಹೆಸರು ಇಟ್ಟಿದ್ದಾರೆ ಅಂತಲೂ ಮೇಷ್ಟ್ರು ಹೇಳಿದರು. ‘ಹಾಸಿಗೆ ಇದ್ದಷ್ಟು ಕಾಲು ಚಾಚು ಅಂದ್ರು ಹಿರಿಯರು. ಬೂಟು ಇದ್ದಷ್ಟು ಕಾಲು ಮಡಚು ಅನ್ನಲಿಲ್ಲ.’

ಮೇಷ್ಟ್ರಿಗೆ ಇಷ್ಟೆಲ್ಲ ಗೊತ್ತಿರುವುದು ಸುಮ್ನೆ ಅಲ್ಲ. ಅವರಿಗೆ ಸಕ್ಕರೆ ಕಾಯಿಲೆ, ಅಂಗಾಲಲ್ಲಿ ಸ್ಪರ್ಶ ಕಡಿಮೆ. ಎರಡು ವರ್ಷದ ಹಿಂದೆ ಗೌಡ್ರ ಮಂಡಿಯಲ್ಲಿ ಕೂತು ಹರಟುವಾಗ ಶೂ ಒಳಗೆ ಒಂದು ಹುಣಸೆಬೀಜ ಸೇರಿಕೊಂಡಿತ್ತು. ಇಡೀ ದಿನ ನಡೆದರು, ನೋವೇ ಇಲ್ಲ. ರಾತ್ರಿ ಸಾಕ್ಸ್ ಬಿಚ್ಚಿದಾಗ ರಕ್ತ. ಒಂದೂವರೆ ತಿಂಗಳು ಡ್ರೆಸ್ಸಿಂಗ್ ಆಯಿತು. ನೋಯ್ತಾ ಇಲ್ಲ ಅಂದರೆ ಶೂ ಚೆನ್ನಾಗಿದೆ ಅಂತ ನಾವು ಅಂದುಕೊಳ್ಳಬಹುದು, ಅವರು ಅಂದುಕೊಳ್ಳುವ ಹಾಗಿಲ್ಲ. ಈಗ ಶೂ ಹಾಕುವ ಮುಂಚೆ ತಲೆಕೆಳಗು ಮಾಡಿ ನೆಲಕ್ಕೆ ಬಡಿದು, ಒಳಗೆ ಕೈ ಆಡಿಸಿ, ಆಮೇಲೆ ಕಾಲಿಡುತ್ತಾರೆ. ಒಂದು ಸಲ ಹಲ್ಲಿ ಬಿತ್ತು. ಮನೆಯವರು ಶಕುನ ಅಂದರಂತೆ, ಇವರು ಶಿಸ್ತು ಅಂದರಂತೆ.

ಗೌಡ್ರ ಬೆರಳು ವಾಸಿಯಾದ ಮೇಲೆ ಒಂದು ಸಂಜೆ ನಾಲ್ಕೂ ಜನ ಶೂ ಅಂಗಡಿಗೆ ಹೋದೆವು. ಬೇಕೆಂದೇ ಸಂಜೆ. ದಿನವಿಡೀ ಓಡಾಡಿ ಪಾದ ಊದಿರುತ್ತಲ್ಲ, ಬೆಟ್ಟ ಹತ್ತಿದಾಗಲೂ ಊದುತ್ತೆ. ಬೆಳಗ್ಗೆ ಕೊಂಡದ್ದು ಸಾಯಂಕಾಲಕ್ಕೆ ಹಿಡಿಯುತ್ತೆ. ಹಾಕುವ ಸಾಕ್ಸನ್ನೂ ತೆಗೆದುಕೊಂಡು ಹೋಗಿದ್ದೆವು. ಹತ್ತಿಯದ್ದು ಬೇಡ ಅಂತ ಮೇಷ್ಟ್ರ ಕಟ್ಟಪ್ಪಣೆ. ಒದ್ದೆಯಾದರೆ ಒಣಗುವುದಿಲ್ಲ, ಬೊಬ್ಬೆ ಏಳುತ್ತೆ.

‘ಅಂಕಲ್, ಸೈಜ್?’ ಅಂದ ಹುಡುಗ.

‘ಏಳು.’

ಮೇಷ್ಟ್ರು ಚೀಲದಿಂದ ದಿನಪತ್ರಿಕೆ ತೆಗೆದು ನೆಲದ ಮೇಲೆ ಹಾಸಿದರು. ಗೌಡ್ರನ್ನು ಅದರ ಮೇಲೆ ನಿಲ್ಲಿಸಿದರು. ಕೂತರೆ ಆಗದು, ಮೈಭಾರ ಬಿದ್ದಾಗಲೇ ಪಾದ ಪೂರ್ತಿ ಅಗಲ ಆಗುವುದು. ಪೆನ್ಸಿಲಿನಲ್ಲಿ ಸುತ್ತ ಗೆರೆ ಎಳೆದರು. ಬಲಗಾಲು ಎಡಗಾಲಿಗಿಂತ ದೊಡ್ಡದು. ಗೆರೆಯ ಮೇಲೆ ಏಳನೇ ನಂಬರಿನ ಬೂಟು ಇಟ್ಟರೆ ಎರಡೂ ಕಡೆ ಗೌಡ್ರು ಹೊರಗೆ ಉಳಿದರು. ಹುಡುಗ ಎಂಟು ತಂದ. ಆಮೇಲೆ ಮಾತಾಡದೆ ಒಂಬತ್ತು ತಂದ. ನನ್ನ ಅನುಮಾನ, 1974ರಲ್ಲೂ ಅವರದ್ದು ಎಂಟೇ ಇದ್ದಿರಬೇಕು. ಅವರಪ್ಪನಿಗೆ ಏಳು ಸಸ್ತಾ ಸಿಕ್ಕಿರುತ್ತೆ.

ಸಾಬ್ರು ಬೂಟು ಕೈಗೆತ್ತಿಕೊಂಡದ್ದು ಡಿಪೋದಲ್ಲಿ ಬಸ್ಸು ನೋಡುವ ಹಾಗೆ. ಹಿಮ್ಮಡಿ ಗೋಡೆಯನ್ನು ಹೆಬ್ಬೆರಳಲ್ಲಿ ಒತ್ತಿದರು. ಅದು ಕುಸಿಯಬಾರದು. ಎರಡು ತುದಿ ಹಿಡಿದು ಬಗ್ಗಿಸಿದರು. ಬೆರಳು ಮಡಚುವ ಜಾಗದಲ್ಲಿ ಬಗ್ಗಿದರೆ ಪಾಸು, ಸೊಂಟದಲ್ಲಿ ಬಗ್ಗಿದರೆ ಫೇಲು. ಒದ್ದೆ ಬಟ್ಟೆ ಹಿಂಡಿದ ಹಾಗೆ ತಿರುಚಿದರು. ‘ಬರೀ ಎತ್ತರ ಇದ್ರೆ ಗಿಣ್ಣು ಉಳುಕೋದು ನಿಲ್ಲಲ್ಲ. ಚಾಸಿಸ್ ಗಟ್ಟಿ ಇರ್ಬೇಕು’ ಅಂದರು. ಅಟ್ಟೆಯಲ್ಲಿ ಟ್ರ್ಯಾಕ್ಟರ್ ಟೈರಿನಂಥ ಹಲ್ಲಿದ್ದ ಒಂದನ್ನು ಪಕ್ಕಕ್ಕಿಟ್ಟರು. ಆ ಹಲ್ಲು ಕೆಸರಿಗೆ. ಮಧುಗಿರಿಯಂಥ ಹಾಸುಬಂಡೆಗೆ ಮೆತ್ತನೆ ರಬ್ಬರು ಬೇಕು, ಹಲ್ಲಿ ಕಾಲಿನ ಹಾಗೆ ಅಂಟಬೇಕು.

ಗೌಡ್ರನ್ನು ಅಂಗಡಿಯ ಮೆಟ್ಟಿಲಲ್ಲಿ ಹತ್ತು ಸಲ ಇಳಿಸಿದೆವು. ಬೆರಳು ಮುಂದೆ ಗುದ್ದಲಿಲ್ಲ. ಒಂದು ಹೆಬ್ಬೆರಳಿನ ಅಗಲ ಜಾಗ ಇತ್ತು. ಬಗ್ಗಿ ದಾರ ಬಿಗಿಯುವುದು ಮಾತ್ರ ಅವರಿಗೂ ಅವರ ಹೊಟ್ಟೆಗೂ ಬಿಟ್ಟ ವಿಚಾರ.

ರೇಟು ಕೇಳಿದ ಕೂಡಲೇ ಗೌಡ್ರು ಹೆಗಲ ಮೇಲಿನ ಟವಲು ತೆಗೆದು ತಮ್ಮ ಕೈ ಮೇಲೆ ಹೊದಿಸಿ, ಹುಡುಗನ ಮುಂದೆ ಚಾಚಿದರು. ಮಂಡಿ ಅಭ್ಯಾಸ, ಬೆರಳು ಹಿಡಿದು ವ್ಯಾಪಾರ. ಹುಡುಗ ಹೆದರಿ ಎರಡು ಹೆಜ್ಜೆ ಹಿಂದೆ ಸರಿದ. ‘ಫಿಕ್ಸೆಡ್ ರೇಟ್ ಅಂಕಲ್.’ ದುಡ್ಡು ಕೊಟ್ಟವನು ಯಾರು ಅಂತ ಹೇಳಬೇಕಾಗಿಲ್ಲ, ಇನ್ನೂ ವಾಪಸ್ ಬಂದಿಲ್ಲ.

ಹೊರಡುವಾಗ ಗೌಡ್ರು ಹುಡುಗನನ್ನು ಪಕ್ಕಕ್ಕೆ ಕರೆದು ದನಿ ತಗ್ಗಿಸಿದರು. ‘ನೋಡಪ್ಪ, ಮನೇಲಿ ಇಪ್ಪತ್ತು ವರ್ಷದಿಂದ ನಿಮ್ಮ ಕಾಲು ಹರಡಿದೆ, ಹರಡಿದೆ ಅಂತಾಳೆ. ಒಂದು ಕೆಲಸ ಮಾಡು. ಬೂಟು ಇದೇ ಇರಲಿ. ಏಳನೇ ನಂಬರಿನ ಡಬ್ಬದಲ್ಲಿ ಹಾಕಿಕೊಡು.’

ಹುಡುಗ ಪ್ರಾಮಾಣಿಕವಾಗಿ ಪ್ರಯತ್ನ ಮಾಡಿದ. ಉದ್ದಕ್ಕೆ ಇಟ್ಟ, ಅಡ್ಡ ಇಟ್ಟ, ಒಂದರ ಮೇಲೊಂದು ಇಟ್ಟ. ಮುಚ್ಚಳ ಕೂರಲಿಲ್ಲ.

‘ಏಳರ ಡಬ್ಬದಲ್ಲಿ ಒಂಬತ್ತು ಹಿಡಿಯಲ್ಲ ಅಂಕಲ್’ ಅಂದ.