ಫರ್ನೇಸ್ ಹೊತ್ತಿಕೊಳ್ಳುತ್ತಿಲ್ಲ, ಇಗ್ನೈಟರ್ ಬದಲಿಸಬೇಕೇ?

ಪ್ರಶ್ನೆ: ನಮಸ್ಕಾರ ಸರ್. ನಾವು ಮಿನ್ನೆಸೋಟಾದಲ್ಲಿದ್ದೇವೆ. ಬೇಸ್‌ಮೆಂಟಿನ ಗ್ಯಾಸ್ ಫರ್ನೇಸ್ ನಿನ್ನೆ ರಾತ್ರಿಯಿಂದ ಮನೆಯನ್ನು ಬೆಚ್ಚಗಿಡುತ್ತಿಲ್ಲ. ಥರ್ಮೋಸ್ಟಾಟ್ ಏರಿಸಿದಾಗ ಒಳಗೆ ಏನೋ ತಿರುಗುವ ಸದ್ದು ಕೇಳುತ್ತದೆ, ಆದರೆ ಬಿಸಿಗಾಳಿ ಬರುವುದಿಲ್ಲ. ಫಿಲ್ಟರ್ ಹೊಸದು ಹಾಕಿದ್ದಾಯಿತು. ಗ್ಯಾಸ್ ಹೊತ್ತಿಸುವ ಇಗ್ನೈಟರ್ ಹೋಗಿರಬೇಕು ಎಂದು ಸ್ನೇಹಿತರು ಹೇಳುತ್ತಿದ್ದಾರೆ. ತರಿಸಿ ಹಾಕಿಬಿಡಲೇ?

ಉತ್ತರ: ಈಗಲೇ ತರಿಸಬೇಡಿ. ಮೊದಲನೆಯದಾಗಿ, ಕೊಳೆತ ಮೊಟ್ಟೆಯಂಥ ವಾಸನೆ ಬರುತ್ತಿದ್ದರೆ ಯಾವ ಸ್ವಿಚ್ಚನ್ನೂ ಮುಟ್ಟದೆ ಎಲ್ಲರೂ ಹೊರಗೆ ಹೋಗಿ, ಅಲ್ಲಿಂದ ಗ್ಯಾಸ್ ಕಂಪನಿಯ ತುರ್ತು ಸಂಖ್ಯೆಗೆ ಅಥವಾ 911ಕ್ಕೆ ಕರೆ ಮಾಡಿ. ವಾಸನೆ ಇಲ್ಲವೆಂದಾದರೆ ಮುಂದಿನದನ್ನು ಗಮನಿಸಿ.

ಈಗಿನ ಫರ್ನೇಸ್‌ಗಳು ಕಟ್ಟುನಿಟ್ಟಾದ ಒಂದು ಕ್ರಮದಲ್ಲಿ ಹೊತ್ತಿಕೊಳ್ಳುತ್ತವೆ. ಥರ್ಮೋಸ್ಟಾಟ್ ಬಿಸಿ ಬೇಕೆಂದು ಕೇಳಿದೊಡನೆ ಹೊಗೆಯನ್ನು ಹೊರದೂಡುವ ಚಿಕ್ಕ ಫ್ಯಾನು, ಅಂದರೆ ಇಂಡ್ಯೂಸರ್, ತಿರುಗುತ್ತದೆ. ಅದರ ಎಳೆತ ಸರಿಯಾಗಿದೆ ಎಂದು ಪ್ರೆಷರ್ ಸ್ವಿಚ್ ಖಚಿತಪಡಿಸಿದ ಮೇಲೆಯೇ ಇಗ್ನೈಟರ್ ಕೆಂಪಗೆ ಕಾಯುತ್ತದೆ. ಆಮೇಲೆ ಗ್ಯಾಸ್ ವಾಲ್ವ್ ತೆರೆದು ಜ್ವಾಲೆ ಹತ್ತುತ್ತದೆ. ಈ ಸರಪಳಿ ಎಲ್ಲಿ ನಿಲ್ಲುತ್ತದೆ ಎಂಬುದು ಗೊತ್ತಾಗದೆ ಯಾವ ಭಾಗವನ್ನು ಕೊಂಡರೂ ದುಡ್ಡು ದಂಡ. ಮೇಲಿನ ಮುಚ್ಚಳದ ಪುಟ್ಟ ಗಾಜಿನ ಕಿಂಡಿಯಲ್ಲಿ ನೋಡಿ, ಇಗ್ನೈಟರ್ ಕೆಂಪಾಗುತ್ತದೆಯೇ, ಜ್ವಾಲೆ ಕಾಣಿಸುತ್ತದೆಯೇ ತಿಳಿಸಿ. ಫರ್ನೇಸನ್ನು ನಿಯಂತ್ರಿಸುವ ಸರ್ಕ್ಯೂಟ್ ಬೋರ್ಡಿನ ದೀಪ ಎಷ್ಟು ಸಲ ಮಿನುಗುತ್ತದೆ ಎಂಬುದನ್ನೂ ಎಣಿಸಿ. ಅದರ ಅರ್ಥದ ಪಟ್ಟಿ ಸಾಮಾನ್ಯವಾಗಿ ಮುಚ್ಚಳದ ಒಳಬದಿಯಲ್ಲೇ ಅಂಟಿಸಿರುತ್ತದೆ.

ಪ್ರಶ್ನೆ: ನೋಡಿದೆ ಸರ್. ಇಗ್ನೈಟರ್ ಚೆನ್ನಾಗಿ ಕೆಂಪಾಗುತ್ತದೆ, ನೀಲಿ ಜ್ವಾಲೆಯೂ ಬರುತ್ತದೆ, ಆದರೆ ಮೂರು ನಾಲ್ಕು ಸೆಕೆಂಡಿನಲ್ಲಿ ಆರಿಹೋಗುತ್ತದೆ. ಹೀಗೇ ಕೆಲವು ಸಲ ಪ್ರಯತ್ನಿಸಿ ಸುಮ್ಮನಾಗುತ್ತದೆ.

ಉತ್ತರ: ಹಾಗಾದರೆ ನಿಮ್ಮ ಇಗ್ನೈಟರ್ ತನ್ನ ಕೆಲಸ ಮಾಡಿದೆ, ಗ್ಯಾಸೂ ಬರುತ್ತಿದೆ. ಜ್ವಾಲೆ ಇದೆ ಎಂಬುದು ಬಹುಶಃ ಬೋರ್ಡಿಗೆ ತಿಳಿಯುತ್ತಿಲ್ಲ. ಕೊನೆಯ ಬರ್ನರ್‌ನ ಜ್ವಾಲೆಯೊಳಗೆ ಚಾಚಿಕೊಂಡಿರುವ ತೆಳ್ಳನೆಯ ಲೋಹದ ಕಡ್ಡಿಯೇ ಫ್ಲೇಮ್ ಸೆನ್ಸರ್. ಜ್ವಾಲೆಯ ಮೂಲಕ ಹರಿಯುವ ಕೆಲವೇ ಮೈಕ್ರೋ ಆಂಪಿಯರ್ ವಿದ್ಯುತ್ತನ್ನು ಬೋರ್ಡು ಈ ಕಡ್ಡಿಯಿಂದ ಅಳೆಯುತ್ತದೆ. ಕಡ್ಡಿಯ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಪದರ ಕಟ್ಟಿದರೂ ಆ ವಿದ್ಯುತ್ ಕ್ಷೀಣಿಸುತ್ತದೆ, ಆಗ ಸುಡದ ಗ್ಯಾಸ್ ತುಂಬಿಕೊಳ್ಳಬಾರದೆಂದು ಬೋರ್ಡು ವಾಲ್ವ್ ಮುಚ್ಚಿಬಿಡುತ್ತದೆ.

ಫರ್ನೇಸ್‌ನ ವಿದ್ಯುತ್ ಸ್ವಿಚ್ಚನ್ನೂ ಗ್ಯಾಸ್ ಕವಾಟವನ್ನೂ ಮುಚ್ಚಿ, ತಣ್ಣಗಾದ ಮೇಲೆ ಕಡ್ಡಿಯನ್ನು ಹಿಡಿದಿರುವ ಒಂದೇ ಸ್ಕ್ರೂ ಬಿಚ್ಚಿ, ವೈರನ್ನು ಮೆಲ್ಲಗೆ ಕಳಚಿ ಕಡ್ಡಿಯನ್ನು ಹೊರತೆಗೆಯಿರಿ. ನಯವಾದ ಸ್ಟೀಲ್ ವೂಲ್‌ನಿಂದ ಲೋಹ ಹೊಳೆಯುವಷ್ಟು ಉಜ್ಜಿ, ಒಣ ಬಟ್ಟೆಯಲ್ಲಿ ಒರೆಸಿ ಮರಳಿ ಕೂರಿಸಿ. ಒರಟು ಮರಳು ಕಾಗದ ಬೇಡ, ಗೀರುಗಳಲ್ಲಿ ಪದರ ಬೇಗ ಕಟ್ಟುತ್ತದೆ. ಬಿಳಿ ಪಿಂಗಾಣಿಯ ಭಾಗ ಬಿರಿದಿದ್ದರೆ ಉಜ್ಜಿ ಫಲವಿಲ್ಲ, ಹೊಸ ಸೆನ್ಸರ್ ಹಾಕಬೇಕು. ಬರ್ನರ್‌ಗಳ ಬಳಿಯಿರುವ ಇಗ್ನೈಟರನ್ನು ಬೆರಳಿನಿಂದ ಮುಟ್ಟಬೇಡಿ, ಅದು ಬಹಳ ಸುಲಭವಾಗಿ ಬಿರಿಯುತ್ತದೆ. ಸೆನ್ಸರ್ ಶುಚಿಯಾದ ಮೇಲೂ ಜ್ವಾಲೆ ಆರಿದರೆ ಗ್ರೌಂಡ್ ವೈರ್, ಬರ್ನರ್ ಅಥವಾ ಗ್ಯಾಸ್ ಒತ್ತಡದ ತೊಂದರೆ ಇರಬಹುದು. ಅದನ್ನು ಪರವಾನಗಿ ಇರುವ ತಂತ್ರಜ್ಞರೇ ಮಾಪಕ ಹಿಡಿದು ನೋಡಬೇಕು.

ಇನ್ನೊಬ್ಬ ಸದಸ್ಯರ ಪ್ರಶ್ನೆ: ಟೊರಾಂಟೋದ ನಮ್ಮ ಮನೆಯಲ್ಲಿ ಫ್ಯಾನು ತಿರುಗುತ್ತಲೇ ಇರುತ್ತದೆ, ಇಗ್ನೈಟರ್ ಕೆಂಪಾಗುವುದೇ ಇಲ್ಲ. ಮೊನ್ನೆ ಭಾರೀ ಹಿಮ ಬಿದ್ದಿತ್ತು.

ಉತ್ತರ: ಹಾಗಾದರೆ ಮೊದಲು ಮನೆಯ ಹೊರಗೆ ಹೋಗಿ. ಗೋಡೆಯಿಂದ ಹೊರಬಂದಿರುವ ಫರ್ನೇಸ್‌ನ ಪ್ಲಾಸ್ಟಿಕ್ ಕೊಳವೆಗಳ ಬಾಯಿಯನ್ನು ಹಿಮ ಮುಚ್ಚಿದ್ದರೆ ಪ್ರೆಷರ್ ಸ್ವಿಚ್ ಮುಂದಕ್ಕೆ ಬಿಡುವುದಿಲ್ಲ; ಕೈಯಿಂದ ಸರಿಸಿ ಸುತ್ತಲೂ ಜಾಗ ಬಿಡಿಸಿ. ಕೊಳವೆ ತೆರೆದಿದ್ದರೆ ಫರ್ನೇಸ್ ಒಳಗಿನ ನೀರು ಹೊರಹೋಗುವ ದಾರಿಯ ಟ್ರ್ಯಾಪ್ ಕಟ್ಟಿಕೊಂಡಿದೆಯೇ, ಸ್ವಿಚ್ಚಿನ ರಬ್ಬರ್ ಟ್ಯೂಬಿನಲ್ಲಿ ನೀರು ನಿಂತಿದೆಯೇ ನೋಡಿ. ಪ್ರೆಷರ್ ಸ್ವಿಚ್ಚಿಗೆ ವೈರ್ ಸುತ್ತಿ ದಾಟಿಸುವ ಉಪಾಯ ಹೇಳುವ ವಿಡಿಯೋಗಳಿವೆ. ಅದನ್ನು ಮಾತ್ರ ಮಾಡಲೇಬೇಡಿ, ಹೊಗೆಯ ದಾರಿ ಮುಚ್ಚಿರುವಾಗ ಫರ್ನೇಸ್ ಉರಿದರೆ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ಮನೆಯೊಳಕ್ಕೆ ಸೇರಬಹುದು.