ಓದುಗರ ಸ್ಪಂದನ: ಇ-ಪುಸ್ತಕ ಸ್ಟಾರ್ಟಪ್‌ನ ಮುಖ್ಯಸ್ಥೆಯಾಗಲೇ?

ಸಮಸ್ಯೆ: ಅಚ್ಚಿನ ಪುಸ್ತಕಗಳ ಪ್ರಕಾಶನದಲ್ಲಿ ಬಹಳ ಕಾಲದಿಂದ ಸಂಪಾದಕಿಯಾಗಿದ್ದೇನೆ. ಕನ್ನಡ ಇ-ಪುಸ್ತಕ, ಆಡಿಯೋ ಪುಸ್ತಕ ತರುವ ಹೊಸ ಸ್ಟಾರ್ಟಪ್ ಒಂದು ಪ್ರಕಟಣಾ ವಿಭಾಗದ ಮುಖ್ಯಸ್ಥೆಯಾಗಿ ಬನ್ನಿ ಎಂದು ಕರೆದಿದೆ. ಸಂಬಳ ಕಡಿಮೆ, ಜೊತೆಗೆ ಷೇರು ಕೊಡುತ್ತಾರಂತೆ. ತಂಡದವರೆಲ್ಲ ಚಿಕ್ಕವರು. ನನಗೆ ತಂತ್ರಜ್ಞಾನ ಗೊತ್ತಿಲ್ಲ. ಒಪ್ಪಿಕೊಳ್ಳಲೇ?

ಮೇಡಂ, ತಂತ್ರಜ್ಞಾನ ಗೊತ್ತಿಲ್ಲ ಅಂತ ಹಿಂದೆ ಸರಿಯಬೇಡಿ. ನಾನು ಇ-ಪುಸ್ತಕ ತಯಾರಿಸುವ ಕೆಲಸದಲ್ಲಿದ್ದೇನೆ. ನಮ್ಮಲ್ಲಿ ಹಳೆಯ ಪುಸ್ತಕಗಳ ಫೈಲುಗಳು ಜಾಸ್ತಿ ಇರುವುದು ನುಡಿ, ಬರಹ, ಶ್ರೀಲಿಪಿ ಎಂಬ ಟೈಪಿಂಗ್ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ. ಅವನ್ನು ಈಗಿನ ಎಲ್ಲ ಮೊಬೈಲ್, ಕಂಪ್ಯೂಟರ್‌ಗಳಿಗೂ ಅರ್ಥವಾಗುವ ಅಕ್ಷರ ಸಂಕೇತವಾದ ಯುನಿಕೋಡ್‌ಗೆ ಬದಲಿಸುವಾಗ ಒತ್ತಕ್ಷರ ಜಾಗ ತಪ್ಪುತ್ತದೆ, ಅರ್ಕಾವತ್ತು ಬೇರೆ ಅಕ್ಷರಕ್ಕೆ ಅಂಟಿಕೊಳ್ಳುತ್ತದೆ. ಹಾಗಾದ ಪದ ಹುಡುಕಿದರೂ ಸಿಗುವುದಿಲ್ಲ. ಕಣ್ಣು ಕಾಣದ ಓದುಗರಿಗೆ ಮೊಬೈಲ್ ಅದನ್ನು ತಪ್ಪಾಗಿಯೇ ಓದಿ ಹೇಳುತ್ತದೆ. ಇದನ್ನು ಹಿಡಿಯಲು ಕೋಡ್ ಬರೆಯುವವರಿಗಿಂತ ನಿಮ್ಮಂಥ ಕಣ್ಣೇ ಬೇಕು. ಆದರೆ ತಿದ್ದಲು ದಿನಗಳು ಹಿಡಿಯುತ್ತವೆ, ಹೂಡಿಕೆದಾರರಿಗೋ ತಿಂಗಳಿಗೆ ಎಷ್ಟು ಪುಸ್ತಕ ಬಂತು ಎಂಬ ಲೆಕ್ಕ ಬೇಕು. ಅದಕ್ಕೇ ಒಂದು ಮಾತು ಮೊದಲೇ ಕೇಳಿ: ಪುಸ್ತಕ ಸಿದ್ಧವಿಲ್ಲ ಎಂದು ನೀವು ಹೇಳಿದರೆ ಬಿಡುಗಡೆ ನಿಲ್ಲುತ್ತದೆಯೇ? ನಿಲ್ಲುತ್ತದೆ ಎಂದು ಬರೆದುಕೊಟ್ಟರೆ ಖಂಡಿತ ಹೋಗಿ. ಇಲ್ಲದಿದ್ದರೆ ಅದು ಬರೀ ಹೆಸರಿನ ಹುದ್ದೆ.
– ಇ-ಪುಸ್ತಕ ವಿನ್ಯಾಸಕ, ಬೆಂಗಳೂರು

ನಾನು ಲೇಖಕಿ. ನನ್ನ ಪುಸ್ತಕವೊಂದು ಕೇಳದೆಯೇ ಇ-ಪುಸ್ತಕವಾಯಿತು. ಅಚ್ಚಿನ ಹಕ್ಕು ಇತ್ತಲ್ವಾ ಎಂದರು ಪ್ರಕಾಶಕರು! ಅಚ್ಚಿಗೆ ಮಾತ್ರ ಕೊಟ್ಟ ಹಕ್ಕು ಅಚ್ಚಿಗಷ್ಟೇ. ಹಕ್ಕು ಬರೆದುಕೊಡುವಾಗ ಬಳಕೆಯಲ್ಲೇ ಇರದಿದ್ದ ಮಾಧ್ಯಮಕ್ಕೆ, ಅದರ ಹೆಸರು ಹೇಳಿರದಿದ್ದರೆ, ಆ ಹಕ್ಕು ಅನ್ವಯಿಸುವುದಿಲ್ಲ ಎಂದು ಕಾಪಿರೈಟ್ ಕಾಯ್ದೆಗೆ 2012ರಲ್ಲಿ ಆದ ತಿದ್ದುಪಡಿ ಹೇಳುತ್ತದೆ. ಅವಧಿ ಬರೆಯದಿದ್ದರೆ 5 ವರ್ಷ ಎಂದೇ ಲೆಕ್ಕ. ಲೇಖಕರು ತೀರಿಕೊಂಡ ಮೇಲೂ 60 ವರ್ಷ ಹಕ್ಕು ಉಳಿಯುತ್ತದೆ, ಹಾಗಾಗಿ ಮನೆಯವರನ್ನು ಹುಡುಕಿ ಕೇಳಬೇಕು. ಸೇರುವ ಮೊದಲು ಆ ಸ್ಟಾರ್ಟಪ್ ಲೇಖಕರೊಂದಿಗೆ ಮಾಡಿಕೊಳ್ಳುವ ಒಪ್ಪಂದಪತ್ರ ತರಿಸಿ ಓದಿ. ಇ-ಪುಸ್ತಕಕ್ಕೆ, ಆಡಿಯೋಗೆ ಬೇರೆ ಬೇರೆ ಷರತ್ತು ಇದೆಯಾ? ರಾಯಲ್ಟಿ ಲೆಕ್ಕ ಲೇಖಕರಿಗೆ ಯಾವಾಗ ಹೋಗುತ್ತದೆ? ನಾಳೆ ಲೇಖಕರು ಫೋನ್ ಮಾಡುವುದು ನಿಮಗೇ. ಇಷ್ಟು ವರ್ಷ ನೀವು ಗಳಿಸಿದ ನಂಬಿಕೆಯನ್ನು ನೋಡಿಯೇ ಸ್ಟಾರ್ಟಪ್‌ನವರು ನಿಮ್ಮನ್ನು ಕರೆದಿರುವುದು. ಅದನ್ನು ಸುಮ್ನೆ ಒತ್ತೆ ಇಡಬೇಡಿ.
– ಕಥೆಗಾರ್ತಿ, ಧಾರವಾಡ

ಷೇರಿನ ಬಗ್ಗೆ ಎರಡು ಮಾತು. ಕೊಡುವುದು ಇಎಸ್‌ಒಪಿ, ಅಂದರೆ ಮುಂದೆ ಷೇರು ಕೊಳ್ಳಲು ನೌಕರರಿಗೆ ಕೊಡುವ ಹಕ್ಕು, ಆದರೆ ಕೊಟ್ಟ ದಿನದಿಂದ ಕನಿಷ್ಠ 1 ವರ್ಷ ಕಳೆಯದೆ ಅದು ನಿಮ್ಮದಾಗುವುದಿಲ್ಲ. ಷೇರುಪೇಟೆಯಲ್ಲಿ ಲಿಸ್ಟ್ ಆಗದ ಕಂಪನಿಯ ಷೇರು ಬೇಕೆಂದಾಗ ಮಾರಲೂ ಆಗುವುದಿಲ್ಲ. ಮನೆ ಸಾಲವಿದ್ದರೆ ಅದರ ಕಂತು ಕಟ್ಟಲು ಸಂಬಳವೊಂದೇ ಸಾಕಾಗುತ್ತದೆಯೇ ನೋಡಿ. ಕಂಪನಿಯ ನಿರ್ದೇಶಕಿಯಾಗಿ ಎಂದು ಕೇಳಿದರೆ ಇನ್ನೂ ಯೋಚಿಸಿ. ಪ್ರೈವೇಟ್ ಕಂಪನಿಯಿಂದ ವಸೂಲಾಗದ ಜಿಎಸ್‌ಟಿ ಬಾಕಿ ನಿರ್ದೇಶಕರ ತಲೆಗೆ ಬರಬಹುದು. ವಿಭಾಗದ ಮುಖ್ಯಸ್ಥೆಗೆ ಆ ಹೊರೆ ಇಲ್ಲ.
– ಲೆಕ್ಕಪರಿಶೋಧಕ, ಮಂಗಳೂರು

ಅಕ್ಕಾ, ನಾನು ಅಂಥದ್ದೇ ತಂಡದ ಚಿಕ್ಕವಳು. ನಮಗೆ ಗೊತ್ತಿಲ್ಲದ್ದನ್ನು ಹೇಳಿಕೊಡುವವರು ಸಿಕ್ಕರೆ ವಯಸ್ಸು ಯಾರೂ ಕೇಳುವುದಿಲ್ಲ. ದಯವಿಟ್ಟು ಬನ್ನಿ.
– ಆಡಿಯೋ ಸಂಕಲನಕಾರ್ತಿ, ಮೈಸೂರು